ಸಂಡೂರು: ಗುತ್ತಿಗೆಯ ಬೊಕ್ಕಸ ಮತ್ತು ಸ್ಥಳೀಯ ಸ್ವಯಮಾಡಳಿತ

ಪ್ರದೇಶವೊಂದಕ್ಕೆ ತನ್ನದೇ ಬೊಕ್ಕಸವಿದ್ದರೆ ಅಲ್ಲಿನ ಜನರಿಗೆ ಸ್ವಯಮಾಡಳಿತವೂ ತಾನಾಗಿ ಒದಗುತ್ತದೆಂಬ ಗ್ರಹಿಕೆಯನ್ನು ಸಂಡೂರಿನ ಚರಿತ್ರೆ ಅಲ್ಲಗಳೆಯುತ್ತದೆ. ಬಳ್ಳಾರಿ ಜಿಲ್ಲೆಯ ನಡುವೆ ಬೆಟ್ಟಗಳ ಮರೆಯಲ್ಲಿದ್ದ ಈ ಘೋರ್ಪಡೆ ಸಂಸ್ಥಾನದ ವಿಸ್ತೀರ್ಣ 161 ಚದರ ಮೈಲಿ. 1901ರ ಜನಸಂಖ್ಯೆ 11,200. 1817ರಲ್ಲಿ ಥಾಮಸ್ ಮನ್ರೋ ವಶಪಡಿಸಿಕೊಂಡ ಸಂಡೂರು ಮರುವರ್ಷವೇ ಶಿವರಾವ್ ಘೋರ್ಪಡೆಗೆ ಮರಳಿತು. 1826ರ ಸನದು ಅದನ್ನು ಪೇಷ್ಕಷ್‌ನಿಂದ ಮುಕ್ತಗೊಳಿಸಿತು.

ಭೂಕಂದಾಯವಿತ್ತಾದರೂ ಸಂಸ್ಥಾನದ ಕೈಹಿಡಿದದ್ದು ಬೆಟ್ಟ. 1882ರಲ್ಲಿ ಕಾಡಿನ ದೊಡ್ಡ ಭಾಗವನ್ನು ಮದ್ರಾಸ್ ಸರ್ಕಾರಕ್ಕೆ ಗುತ್ತಿಗೆ ಕೊಡಲಾಯಿತು. 20ನೆಯ ಶತಮಾನದ ಆರಂಭದಲ್ಲಿ ಮ್ಯಾಂಗನೀಸ್ ಅದಿರಿನ ಸರದಿ ಬಂದಿತು. ಕುಮಾರಸ್ವಾಮಿ ಕ್ಷೇತ್ರದ ಪುರಾಣಪರಂಪರೆ ಈ ಬೆಟ್ಟವನ್ನು ಲೋಹಾಚಲವೆಂದು ಕರೆದಿದೆ. ಅದಿರಿನ ಅರಿವು ಗುತ್ತಿಗೆಪತ್ರಗಳಿಗಿಂತ ಬಹು ಹಳೆಯದೆಂಬುದಕ್ಕೆ ಆ ಹೆಸರೇ ಸಾಕ್ಷಿ.

ನೆರೆಯ ಹೊಸಪೇಟೆ, ಹಂಪಿ, ಕಂಪ್ಲಿಗಳ ಸ್ಥಿತಿ ಬೇರೆ. ವಿಜಯನಗರ ಕಾಲದ ಕಾಲುವೆಗಳ ನೀರುಂಡ ಗದ್ದೆಗಳ ರೈತರು ರೈತವಾರಿ ಪದ್ಧತಿಯಡಿ ನೇರವಾಗಿ ಸರ್ಕಾರಕ್ಕೆ ಕಂದಾಯ ತೆತ್ತರು. 1871ರ ಮದ್ರಾಸ್ ಸ್ಥಳೀಯ ನಿಧಿ ಕಾಯಿದೆ ಅದರ ಮೇಲೆ ಸೆಸ್ ಹೇರಿತು. 1884ರ ಕಾಯಿದೆಯಿಂದ ಜಿಲ್ಲಾ, ತಾಲ್ಲೂಕು ಬೋರ್ಡುಗಳು ಬಂದವು. ಅವು ಉಳ್ಳವರ ಸಭೆಗಳೇ. ಆದರೂ ಸೆಸ್ ತೆತ್ತವನಿಗೆ ರಸ್ತೆಯ, ಶಾಲೆಯ ಲೆಕ್ಕ ಕೇಳಲು ಒಂದು ಆಧಾರ ಸಿಕ್ಕಿತು. ಗುತ್ತಿಗೆಯ ಹಣ ನೇರವಾಗಿ ಅರಮನೆಗೆ ಸೇರುತ್ತಿದ್ದ ಸಂಡೂರಿನಲ್ಲಿ ಅಂತಹ ಆಧಾರವಿರಲಿಲ್ಲ. 1932ರಲ್ಲಿ ಯಶವಂತರಾವ್ ಘೋರ್ಪಡೆ ಅಸ್ಪೃಶ್ಯರಿಗೆ ದೇವಾಲಯಗಳನ್ನು ತೆರೆದರು; 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದರು. ಅಷ್ಟು ಮುಂದುವರಿದ ಸುಧಾರಣೆಯೂ ಅರಸನ ಆಜ್ಞೆಯಾಗಿಯೇ ಬಂದಿತೆಂಬುದನ್ನು ಮರೆಯುವಂತಿಲ್ಲ.

1949ರ ಏಪ್ರಿಲ್ 1ರಂದು ಸಂಸ್ಥಾನ ಮದ್ರಾಸಿನಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಜನರಿಗೆ ಮತ ದೊರೆಯಿತು, ಬೊಕ್ಕಸ ದೂರವಾಯಿತು: ಅದಿರಿನ ರಾಜಧನ ಈಗ ರಾಜ್ಯ ಸರ್ಕಾರದ್ದು. ಕೊನೆಯ ಅರಸರ ಪುತ್ರ ಎಂ.ವೈ. ಘೋರ್ಪಡೆಯವರು ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದರು. 1993ರ ಪಂಚಾಯತ್ ರಾಜ್ ಅಧಿನಿಯಮ ಬಂದಾಗ ಆ ಖಾತೆಯೂ ಅವರದೇ. ಸಂಡೂರಿನ ಹಳ್ಳಿಗಳಿಗೆ ಚುನಾಯಿತ ಪಂಚಾಯತಿಗಳು ದೊರೆತವು. ಬೆಟ್ಟದ ಉತ್ಪನ್ನದ ಮೇಲೆ ಅವುಗಳಿಗೆ ಹಿಡಿತ ದೊರೆಯಲಿಲ್ಲ.

ಗಣಿಬಾಧಿತ ಪ್ರದೇಶಗಳಿಗೆಂದೇ ಜಿಲ್ಲಾ ಖನಿಜ ಪ್ರತಿಷ್ಠಾನ ರೂಪುಗೊಂಡದ್ದು 2015ರ ಗಣಿ ಕಾಯಿದೆಯ ತಿದ್ದುಪಡಿಯಿಂದ. ಹಳೆಯ ಗುತ್ತಿಗೆಗಳಿಗೆ ರಾಜಧನದ ಶೇ. 30, ಹರಾಜಾದವುಗಳಿಗೆ ಶೇ. 10ರಷ್ಟು ವಂತಿಗೆ ನಿಗದಿಯಾಯಿತು. ಇಲ್ಲಿಯೂ ನಿಧಿಯ ಘಟಕ ಜಿಲ್ಲೆ, ಗ್ರಾಮವಲ್ಲ. 2021ರಲ್ಲಿ ಹೊಸಪೇಟೆ, ಹಂಪಿಗಳು ವಿಜಯನಗರ ಜಿಲ್ಲೆಗೆ ಸೇರಿದಾಗ ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿದವು.