ಎದೆಗೆ ಕೊಟ್ಟ ಮೇಲೆ ಹೊಟ್ಟೆಗೆ ಉಳಿದದ್ದೇನು?

ಕ್ಯಾನ್ಸರಿಗೆಂದು ಸ್ತನ ತೆಗೆದ ಮೇಲೆ ರೋಗಿಯ ಮೈಯಿಂದಲೇ ಚರ್ಮ, ಕೊಬ್ಬು ತಂದು ಹೊಸದನ್ನು ಕಟ್ಟುವ ವಿದ್ಯೆಗೆ ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. ಅದನ್ನು ಬರೆಯುವವರು ಸಾಮಾನ್ಯವಾಗಿ ಜರ್ಮನಿಯ ವಿನ್ಸೆಂಟ್ ಚೆರ್ನಿಯಿಂದ ಶುರುಮಾಡುತ್ತಾರೆ. 1895ರಲ್ಲಿ ಆತ ವೇದಿಕೆಯ ಕಲಾವಿದೆಯೊಬ್ಬಳ ಸ್ತನದಲ್ಲಿದ್ದ, ಕ್ಯಾನ್ಸರ್ ಅಲ್ಲದ ಗಡ್ಡೆಯನ್ನು ತೆಗೆದು, ಅವಳ ಮೈಮೇಲೇ ಬೇರೆಡೆ ಇದ್ದ ಕೊಬ್ಬಿನ ಗಂಟನ್ನು ತಂದು ಆ ಜಾಗ ತುಂಬಿಸಿದ. ಚೆರ್ನಿಗೆ ಅದೃಷ್ಟವಿತ್ತು: ಗಂಟು ತೆಗೆದ ಕಡೆ ಅವಳಿಗೆ ನಷ್ಟವಾಗುವಂಥದ್ದು ಏನೂ ಇರಲಿಲ್ಲ. ಅವನ ನಂತರ ಬಂದವರಿಗೆಲ್ಲ ಆ ಲೆಕ್ಕ ಸುಲಭವಾಗಿ ಕೂಡಿಬರಲಿಲ್ಲ. ಹೊಸ ಸ್ತನ ಎಷ್ಟು ಚೆನ್ನಾಗಿದೆ ಎನ್ನುವುದಕ್ಕಿಂತ, ಕೊಟ್ಟ ಜಾಗ ಎಷ್ಟು ಕಳೆದುಕೊಂಡಿತು ಎಂದು ನೋಡುತ್ತ ಹೋದರೆ ಈ ಕ್ಷೇತ್ರದ ಬೆಳವಣಿಗೆ ಹೆಚ್ಚು ಸ್ಪಷ್ಟವಾಗುತ್ತದೆ.

ಅದೇ ಕಾಲದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಸ್ತನದ ಜತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೇ ತೆಗೆಯುವ ಪದ್ಧತಿಯನ್ನು ಪ್ರಚಾರಕ್ಕೆ ತಂದಿದ್ದ. ಗಾಯದ ಮೇಲೆ ಬೇರೆ ಅಂಗಾಂಶ ತಂದು ಹೊದಿಸಿದರೆ ಮರುಕಳಿಸಿದ ಕ್ಯಾನ್ಸರ್ ಅದರಡಿ ಅಡಗಿಬಿಡುತ್ತದೆ ಎಂಬ ಅಂಜಿಕೆ ಅವನದು. ಅವನ ಮಾತಿಗಿದ್ದ ತೂಕದಿಂದಾಗಿ ಮರುರಚನೆಯ ಯೋಚನೆಯೇ ಹಲವು ದಶಕ ಹಿಂದೆ ಬಿತ್ತು. ಇಟಲಿಯ ಇಜಿನಿಯೊ ತಾನ್ಸಿನಿ ಮಾತ್ರ ಬೇರೆ ದಾರಿ ಹಿಡಿದ. ಬೆನ್ನಿನ ಅಗಲ ಸ್ನಾಯುವಾದ ಲ್ಯಾಟಿಸಿಮಸ್ ಡಾರ್ಸೈಯನ್ನು ಅದರ ಮೇಲಿನ ಚರ್ಮದ ಸಮೇತ ಎಬ್ಬಿಸಿ, ಕಂಕುಳಿನ ಕಡೆಯ ರಕ್ತನಾಳ ಕಡಿಯದೆ ಮುಂದಕ್ಕೆ ತಿರುಗಿಸುವ ಕ್ರಮವನ್ನು 1906ರಲ್ಲಿ ಪ್ರಕಟಿಸಿದ. ಅವನ ಗುರಿ ಅಂದವಾಗಿರಲಿಲ್ಲ, ದೊಡ್ಡ ಗಾಯವನ್ನು ಮುಚ್ಚುವುದಾಗಿತ್ತು.

ಬುಡ ಕಡಿಯದೆ ಚರ್ಮ ತಿರುಗಿಸುವ ಉಪಾಯ ಯುರೋಪಿಗೆ ಗೊತ್ತಾದ ಕತೆಯಲ್ಲಿ ಮೈಸೂರಿಗೂ ಒಂದು ಪಾತ್ರವಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿಯವ ಕಾವಸ್‌ಜಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಕಡೆ ಹಣೆಯ ಚರ್ಮದಿಂದ ಅವನಿಗೆ ಮೂಗು ಕಟ್ಟಿಕೊಟ್ಟರು. 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಅದನ್ನು ಚಿತ್ರಸಹಿತ ಅಚ್ಚು ಹಾಕಿದ ಮೇಲೆ ಅಲ್ಲಿನ ವೈದ್ಯರ ಕಣ್ಣು ತೆರೆಯಿತು. ತಾನ್ಸಿನಿಯ ಬೆನ್ನಿನ ಫ್ಲ್ಯಾಪ್ (ಹೀಗೆ ಎಬ್ಬಿಸಿ ಸಾಗಿಸುವ ಅಂಗಾಂಶದ ತುಂಡು) ನಿಂತಿರುವುದೂ ಇದೇ ಸೂತ್ರದ ಮೇಲೆ. ಆದರೂ ಆ ಫ್ಲ್ಯಾಪ್ ಮರೆತೇ ಹೋಗಿ, 1970ರ ದಶಕದ ಕೊನೆಯಲ್ಲಿ ಮತ್ತೆ ಚಾಲ್ತಿಗೆ ಬಂತು.

ನಡುವಿನ ಕಾಲವನ್ನು ಬೇಗ ದಾಟಬಹುದು. 1942ರಲ್ಲಿ ಹೆರಾಲ್ಡ್ ಗಿಲ್ಲೀಸ್ ಹೊಟ್ಟೆಯ ಚರ್ಮವನ್ನು ಕೊಳವೆಯಂತೆ ಸುತ್ತಿ, ತಿಂಗಳುಗಟ್ಟಲೆ ಹಂತಹಂತವಾಗಿ ಎದೆಗೆ ಸಾಗಿಸಿದ. 1962ರಲ್ಲಿ ಹ್ಯೂಸ್ಟನ್‌ನಲ್ಲಿ ಸಿಲಿಕೋನ್ ಇಂಪ್ಲಾಂಟ್ ಬಂದಾಗ ಅಂಥ ತಾಳ್ಮೆಯ ಕೆಲಸ ಯಾರಿಗೂ ಬೇಡವಾಯಿತು.

ತಿರುವು ಸಿಕ್ಕಿದ್ದು ಹೊಟ್ಟೆಯಲ್ಲಿ. ಹೊಟ್ಟೆ ಕರಗಿಸುವ ಆಪರೇಷನ್ನಿನಲ್ಲಿ ಹೊಕ್ಕುಳ ಕೆಳಗಿನ ಕೊಬ್ಬನ್ನೂ ಚರ್ಮವನ್ನೂ ಕಸಕ್ಕೆ ಹಾಕುತ್ತಿದ್ದರು. ಅದನ್ನೇ ಸ್ತನವಾಗಿಸಬಹುದು ಎಂದು ಸ್ವೀಡನ್ನಿನ ಹಾನ್ಸ್ ಹೋಲ್ಮ್‌ಸ್ಟ್ರಾಮ್ 1979ರಲ್ಲೇ ಬರೆದ. ಹೆಚ್ಚು ಜನ ಗಮನಿಸಲಿಲ್ಲ. ಹೆಸರು ಬಂದದ್ದು 1982ರಲ್ಲಿ, ಅಟ್ಲಾಂಟಾದ ಕಾರ್ಲ್ ಹಾರ್ಟ್‌ರ್ಯಾಂಫ್ ಮತ್ತು ಸಂಗಡಿಗರ ‘ಟ್ರ್ಯಾಮ್’ ಫ್ಲ್ಯಾಪಿಗೆ. ಇದರಲ್ಲಿ ಹೊಟ್ಟೆಯ ನೇರ ಸ್ನಾಯುವನ್ನೂ ಜತೆಗೆ ಎಬ್ಬಿಸಿ, ಚರ್ಮದಡಿಯ ಸುರಂಗದಲ್ಲಿ ಎದೆಗೆ ತೂರಿಸುತ್ತಾರೆ. ಮುಟ್ಟಿದರೆ ಮೆತ್ತಗೆ, ಬೆಚ್ಚಗೆ. ಮೈ ತೂಕ ಏರಿಳಿದಂತೆ ತಾನೂ ಏರಿಳಿಯುವ ಸ್ತನ. ಬೆಲೆ ತೆತ್ತದ್ದು ಮಾತ್ರ ಹೊಟ್ಟೆ. ಸ್ನಾಯು ಹೋದ ಕಡೆ ಗೋಡೆ ಸಡಿಲವಾಗಿ ಉಬ್ಬುತ್ತಿತ್ತು, ಕೆಲವರಿಗೆ ಹರ್ನಿಯಾ ಆಗುತ್ತಿತ್ತು. ಮಲಗಿದವರಿಗೆ ಕೈಯೂರದೆ ಎದ್ದು ಕೂರುವುದು ಕಷ್ಟವಾಗುತ್ತಿತ್ತು. ಸಾಲದ್ದಕ್ಕೆ, ಕೆಳಹೊಟ್ಟೆಗೆ ಮುಖ್ಯವಾಗಿ ರಕ್ತ ಬರುವುದು ಕೆಳಗಿನಿಂದ. ಈ ಪದ್ಧತಿ ನೆಚ್ಚಿಕೊಂಡದ್ದು ಮೇಲಿನ ನಾಳವನ್ನು. ಹಾಗಾಗಿ ಅಂಚಿನ ಕೊಬ್ಬು ಸತ್ತು ಗಟ್ಟಿಯಾಗುವುದೂ ಇತ್ತು.

ಸ್ನಾಯುವಿನ ಕೆಲಸ ಇಲ್ಲಿ ರಕ್ತನಾಳವನ್ನು ಹೊತ್ತು ತರುವುದಷ್ಟೆ. ಹಾಗಾದರೆ ಅದು ಬೇಕಾದರೂ ಏಕೆ? 1989ರಲ್ಲಿ ಜಪಾನಿನ ಇಸಾವೊ ಕೊಶಿಮಾ ಮತ್ತು ಸೊಯೆಡಾ, ಸ್ನಾಯುವನ್ನು ಅಲ್ಲೇ ಬಿಟ್ಟು ಅದನ್ನು ತೂರಿ ಮೇಲೆ ಬರುವ ಸಣ್ಣ ನಾಳಗಳ ಆಧಾರದಲ್ಲೇ ಚರ್ಮ, ಕೊಬ್ಬು ಬದುಕುತ್ತವೆ ಎಂದು ತೋರಿಸಿದರು. ನ್ಯೂ ಆರ್ಲಿಯನ್ಸ್‌ನ ರಾಬರ್ಟ್ ಅಲೆನ್ ಅದನ್ನು ಸ್ತನಕ್ಕೆ ಬಳಸಿ 1994ರಲ್ಲಿ ಪ್ರಕಟಿಸಿದ. ಇವತ್ತು ‘ಡೀಪ್’ ಫ್ಲ್ಯಾಪ್ ಎನ್ನುವುದು ಇದನ್ನೇ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಅತಿ ದೊಡ್ಡ ಹೆಜ್ಜೆ ಇದು; ಸ್ತನದ ಆಕಾರದಲ್ಲಿ ಇದರಿಂದ ಹೇಳಿಕೊಳ್ಳುವಂಥ ಬದಲಾವಣೆಯೇನೂ ಆಗಲಿಲ್ಲ ಎನ್ನುವುದು ಬೇರೆ ಮಾತು.

ಥಿಯೇಟರಿನಲ್ಲಿ ಅದು ನಡೆಯುವ ಬಗೆ ಹೀಗೆ. ಸ್ಕ್ಯಾನ್ ಮೊದಲೇ ತೋರಿಸಿಕೊಟ್ಟ ನಾಳವನ್ನು ಹುಡುಕಿ, ಸ್ನಾಯುವಿನ ಎಳೆಗಳನ್ನು ಕತ್ತರಿಸದೆ ಬಿಡಿಸುತ್ತ, ಅದರ ಜಾಡು ಹಿಡಿದು ತೊಡೆಸಂದಿನ ಕಡೆ ಬುಡದವರೆಗೆ ಇಳಿಯುತ್ತಾರೆ. ಕೈ ಸ್ವಲ್ಪ ಜಾರಿದರೂ ನಾಳ ಹರಿಯುತ್ತದೆ. ಆಮೇಲೆ ಬುಡ ಕಡಿದರೆ ಫ್ಲ್ಯಾಪ್ ಪೂರ್ತಿ ಬಿಡಿ. ರಕ್ತ ನಿಂತು ಗಡಿಯಾರ ಓಡತೊಡಗುತ್ತದೆ. ಪಕ್ಕೆಲುಬಿನ ಮೃದ್ವಸ್ಥಿಯ ಸಣ್ಣ ತುಂಡು ತೆಗೆದೋ ಎರಡು ಪಕ್ಕೆಲುಬಿನ ನಡುವೆಯೋ ಎದೆಯೊಳಗಿನ ನಾಳ ಹುಡುಕಿ, ಎರಡು ಮೂರು ಮಿಲಿಮೀಟರ್ ಅಗಲದ ಬಾಯಿಗಳನ್ನು ಮೈಕ್ರೋಸ್ಕೋಪಿನಡಿ, ತಲೆಗೂದಲಿಗಿಂತ ತೆಳ್ಳಗಿನ ದಾರದಿಂದ ಹೊಲಿಯುತ್ತಾರೆ. ನಾಳಕ್ಕೆ ಹಾಕಿದ್ದ ಕ್ಲಿಪ್ ಬಿಟ್ಟಾಗ ಬಿಳಚಿದ್ದ ಚರ್ಮ ಕೆಂಪೇರಬೇಕು. ಮೊದಲ ದಿನ ನರ್ಸ್ ಗಂಟೆಗೊಮ್ಮೆ ಬಣ್ಣ, ಬಿಸಿ, ಡಾಪ್ಲರ್ ಯಂತ್ರದಲ್ಲಿ ರಕ್ತ ಹರಿಯುವ ಸದ್ದು ನೋಡುತ್ತಾಳೆ. ನೀಲಿಗಟ್ಟಿದರೆ ರಕ್ತ ಹೊರಹೋಗುವ ದಾರಿ ಕಟ್ಟಿದೆ ಎಂದರ್ಥ. ರಾತ್ರಿಯಾದರೂ ಸರಿ, ಕೂಡಲೇ ಥಿಯೇಟರಿಗೆ ವಾಪಸು ಹೋಗಬೇಕು.

ಇಂಪ್ಲಾಂಟ್ ಇರುವಾಗ ಇಷ್ಟೆಲ್ಲ ಕಷ್ಟ ಏಕೆ ಎಂದರೆ, ರೇಡಿಯೇಷನ್ ಪಡೆದ ಎದೆಯಲ್ಲಿ ಅದರ ಸುತ್ತ ಗಟ್ಟಿ ಪೊರೆ ಕಟ್ಟಿ ಬಿಗಿಯುವ ಸಂಭವ ಹೆಚ್ಚು. ಸ್ವಂತ ಅಂಗಾಂಶ ಅಲ್ಲಿ ಗೆಲ್ಲುತ್ತದೆ. ಹೊಟ್ಟೆಯಲ್ಲಿ ಸಾಕಷ್ಟು ಕೊಬ್ಬಿಲ್ಲದವರಿಗೆ ತೊಡೆಯಿಂದಲೋ ಪೃಷ್ಠದಿಂದಲೋ ತೆಗೆಯುತ್ತಾರೆ.

ನಮ್ಮ ದೇಶದಲ್ಲಿ ಗಡ್ಡೆ ದೊಡ್ಡದಾದ ಮೇಲೆಯೇ ಆಸ್ಪತ್ರೆಗೆ ಬರುವವರು ಬಹಳ. ಡೀಪ್ ಮಾಡುವವರು ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿದ್ದಾರೆ. ಆದರೆ ಮೈಕ್ರೋಸ್ಕೋಪು, ಪಳಗಿದ ಎರಡು ತಂಡ, ಆರೆಂಟು ಗಂಟೆಯ ಥಿಯೇಟರು ಎಲ್ಲ ಕಡೆ ಸಿಗದು. ಹೀಗಾಗಿ ತಾನ್ಸಿನಿಯ ಬೆನ್ನಿನ ಫ್ಲ್ಯಾಪೇ ಇಲ್ಲಿ ಇನ್ನೂ ಬಹಳ ಸಲ ಕೈಹಿಡಿಯುತ್ತದೆ. ಆ ಸ್ನಾಯು ಹೋದರೆ ದಿನನಿತ್ಯದ ಕೆಲಸಕ್ಕೆ ಹೆಚ್ಚು ತೊಂದರೆಯಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಅದು ತೋಳನ್ನು ಕೆಳಕ್ಕೂ ಹಿಂದಕ್ಕೂ ಎಳೆಯುವ ಸ್ನಾಯು. ಬಾವಿಯಿಂದ ನೀರು ಸೇದುವವಳಿಗೂ ಆಫೀಸಿನಲ್ಲಿ ಕೂರುವವಳಿಗೂ ‘ದಿನನಿತ್ಯದ ಕೆಲಸ’ ಒಂದೇ ಅಲ್ಲ. ಯಾವ ಫ್ಲ್ಯಾಪ್ ಎಂದು ತೀರ್ಮಾನಿಸುವ ಮೊದಲು ಈ ವಿಚಾರಣೆ ಆಗಬೇಕು. ಮರುರಚನೆಯೇ ಬೇಡ, ಎದೆ ಸಮತಟ್ಟಾಗಿ ಒಪ್ಪವಾಗಿದ್ದರೆ ಸಾಕು ಎನ್ನುವವರೂ ಇದ್ದಾರೆ, ಅದೂ ಸರಿಯಾದ ಆಯ್ಕೆಯೇ.

ಇನ್ನೂ ಪೂರ್ತಿ ಕೈಗೆಟುಕದ್ದು ಸ್ಪರ್ಶ. ಫ್ಲ್ಯಾಪಿನ ನರವನ್ನು ಎದೆಯ ನರಕ್ಕೆ ಜೋಡಿಸುವ ಪ್ರಯತ್ನಗಳು ನಡೆದಿವೆ. ಅರಿವು ಮರಳುವುದು ನಿಧಾನ, ಅದೂ ಅರೆಬರೆ. ನೋವಿಗೆಂದು ಬಿಸಿನೀರಿನ ಚೀಲ ಇಟ್ಟುಕೊಂಡು, ಸುಟ್ಟದ್ದೇ ಗೊತ್ತಾಗದೆ ಬೊಬ್ಬೆ ಎದ್ದ ಪ್ರಕರಣಗಳು ವೈದ್ಯಪತ್ರಿಕೆಗಳಲ್ಲಿ ಸಾಕಷ್ಟಿವೆ. ಮನೆಗೆ ಕಳಿಸುವಾಗ ಹೇಳಲೇಬೇಕಾದ ಮಾತುಗಳಲ್ಲಿ ಅದೂ ಒಂದು.