ಚೀಟಿಯ ಮೇಲಿನ ಹೆಸರು

ನಮ್ಮ ಧೂಪದಾಳದ ಹಿನ್ನೀರಿನಲ್ಲಿ ಕಂಡ ಹಕ್ಕಿಯನ್ನು ಈಗ ಇ-ಬರ್ಡ್‌ನಲ್ಲಿ ದಾಖಲಿಸಿದರೆ, ಕಂಡವರ ಹೆಸರೂ ಅದರೊಡನೆ ಉಳಿಯುತ್ತದೆ. ಹಿಂದೆ ಆ ಕೆಲಸ ಮಾಡುತ್ತಿದ್ದುದು ಮಾದರಿಯ ಬಾಟಲಿಯಲ್ಲಿದ್ದ ಪುಟ್ಟ ಚೀಟಿ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದರು. (1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ.) ಅವುಗಳಲ್ಲೊಂದು ಮಲೆನಾಡಿನ ಕೊಟ್ಟಿಗೆಹಾರದ ಹೆಸರು ಹೊತ್ತ ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಅದರ ಮುಂದೆ ಇಂದಿಗೂ ‘ರಾವ್, 1937’ ಎಂದೇ ಬರೆಯುತ್ತಾರೆ. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೇ ರಾವೋರ್ಕೆಸ್ಟಿಸ್ ಎಂದು ಅವರ ಹೆಸರಿಟ್ಟರು. ವರ್ಣಿಸಿದವರಿಗೆ ಸಲ್ಲಬೇಕಾದ ಗೌರವವೇ ಅದು.

ಆದರೆ ಕಾಲೇಜಿನಲ್ಲಿದ್ದ ಮೂಲ ಮಾದರಿಗಳು ಕಳೆದುಹೋದವು. ಅವುಗಳಿಲ್ಲದೆ ಈ ಕಪ್ಪೆಗಳನ್ನು ಗುರುತಿಸುವುದು ದಶಕಗಳ ಕಾಲ ತೊಡಕಾಯಿತು. ಬಾಟಲಿ ಹೋದರೆ ಚೀಟಿಯೂ ಹೋಗುತ್ತದೆ. ಮಳೆಯಲ್ಲಿ ಹಳ್ಳಕ್ಕಿಳಿದು ಕಪ್ಪೆ ಹಿಡಿದವರ ಹೆಸರಿಗೆ ಬೇರೆ ಆಸರೆ ಎಲ್ಲಿ?

2009ರಲ್ಲಿ ಮಾನ್ಯತೆ ಪಡೆದ ಡಾರ್ವಿನ್ ಕೋರ್ ಎಂಬ ದತ್ತಾಂಶ ಮಾದರಿಯಲ್ಲಿ ಸಂಗ್ರಹಿಸಿದವರಿಗೆ ಒಂದು ಕಾಲಂ, ಗುರುತಿಸಿದವರಿಗೆ ಇನ್ನೊಂದು ಕಾಲಂ ಇದೆ. ಖಾಲಿ ಬಿಟ್ಟರೂ ಪ್ರೋಗ್ರಾಂ ಓಡುತ್ತದೆ ಎನ್ನುವುದೇ ನನ್ನಂಥ ಸಾಫ್ಟ್‌ವೇರ್‌ನವನಿಗೆ ಕಾಣುವ ತೊಂದರೆ. ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ಮುಂದೆ ಯಾವ ವಿದ್ಯಾರ್ಥಿ ಎಲೆಯನ್ನೋ ಕೀಟವನ್ನೋ ತಂದುಕೊಟ್ಟರೂ, ಊರು, ತಾರೀಖಿನ ಜೊತೆ ತಂದವರ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆದಿಡಬೇಕೆಂದು ಕೇಳಿಕೊಳ್ಳುತ್ತೇನೆ.