ಹೂಟಗಳ್ಳಿ: ಹಳ್ಳಿಯಿಂದ ನಗರಸಭೆಗೆ

ಮೈಸೂರು ನಗರದ ವಾಯವ್ಯ ಅಂಚಿನಲ್ಲಿ, ಹುಣಸೂರು ರಸ್ತೆಗೆ ಹೊಂದಿಕೊಂಡಂತೆ ಇರುವ ಊರು ಹೂಟಗಳ್ಳಿ. ಮೇಟಗಳ್ಳಿ, ಕೂರ್ಗಳ್ಳಿ, ಹೂಟಗಳ್ಳಿ ಎಂದು ಒಂದೇ ಬಗೆಯ ಹೆಸರಿನ ಊರುಗಳು ಈ ಭಾಗದಲ್ಲಿವೆ. ಬೇಸಾಯವನ್ನು ನೆಚ್ಚಿದ್ದ ಈ ಹಳ್ಳಿ ಕೈಗಾರಿಕೆಗಳ ಆಗಮನದಿಂದ ಬಹುಬೇಗ ಪೇಟೆಯ ರೂಪ ಪಡೆಯಿತು. ಆದರೆ ಅದಕ್ಕೆ ತಕ್ಕ ಆಡಳಿತ ವ್ಯವಸ್ಥೆ ಬರಲು 2020ರವರೆಗೆ ಕಾಯಬೇಕಾಯಿತು.

ಸಂಪರ್ಕ

ಮೈಸೂರಿನಿಂದ ಮಡಿಕೇರಿ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 275 ಇಲ್ಲಿನ ಮುಖ್ಯ ಮಾರ್ಗ. ಹೊರವರ್ತುಲ ರಸ್ತೆಯು ಈ ಹೆದ್ದಾರಿಯನ್ನು ಕೂಡುವ ಹಿನಕಲ್ ವೃತ್ತದಲ್ಲಿ ಮೈಸೂರಿನ ಮೊದಲ ಮೇಲುಸೇತುವೆ ಇದೆ. ನಗರ ಬಸ್ ನಿಲ್ದಾಣದಿಂದ ಹೂಟಗಳ್ಳಿಗೆ ರಾಜ್ಯ ರಸ್ತೆ ಸಾರಿಗೆ ನಿಗಮದ ನಗರ ಬಸ್ಸುಗಳು ಸಂಚರಿಸುತ್ತವೆ.

ಉದ್ಯಮ ಮತ್ತು ವಸತಿ

ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ ಕೈಗಾರಿಕಾ ಪ್ರದೇಶಗಳು ಒಂದರ ಪಕ್ಕದಲ್ಲೊಂದು ಹಬ್ಬಿವೆ. ಲಾರಿಗಳ ಆಕ್ಸಲ್ ತಯಾರಿಸುವ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ ಹೂಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿದೆ. ಗಣಿಗಳಲ್ಲಿ ಬಳಸುವ ಬೃಹತ್ ಡಂಪರ್‌ಗಳನ್ನು ತಯಾರಿಸುವ ಸಾರ್ವಜನಿಕ ಉದ್ಯಮ ಬೆಮೆಲ್‌ನ ಮೈಸೂರು ಘಟಕ ಬೆಳವಾಡಿಯಲ್ಲಿದೆ. ಇನ್ಫೋಸಿಸ್ ಸಂಸ್ಥೆಯ ತರಬೇತಿ ಕೇಂದ್ರವಿರುವ ವಿಶಾಲ ಆವರಣವೂ ಸಮೀಪದ ಹೆಬ್ಬಾಳದಲ್ಲಿದೆ.

ದುಡಿಯಲು ಬಂದವರಿಗೆ ಮನೆಗಳು ಬೇಕಾದವು. ಕರ್ನಾಟಕ ಗೃಹಮಂಡಳಿಯ ಬಡಾವಣೆ ಇಲ್ಲಿ ತಲೆಯೆತ್ತಿತು. ಸುತ್ತಲೂ ಖಾಸಗಿ ಬಡಾವಣೆಗಳು ಬೆಳೆದವು. ಹಳೆಯ ಊರು ಮತ್ತು ಹೊಸ ಬಡಾವಣೆಗಳು ಸೇರಿ ಇಂದಿನ ಹೂಟಗಳ್ಳಿಯಾಗಿದೆ.

ಸಮೀಪದ ಸ್ಥಳಗಳು

ಹಿನಕಲ್‌ನ ನನ್ನೇಶ್ವರ ದೇವಾಲಯ ಹತ್ತಿರದ ಶ್ರದ್ಧಾಕೇಂದ್ರ. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಪುನಶ್ಚೇತನಗೊಂಡ ಹೆಬ್ಬಾಳ ಕೆರೆಯೂ ಸಮೀಪದಲ್ಲಿದೆ. ಹುಣಸೂರು ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಸಿಗುವ ಇಲವಾಲದಲ್ಲಿ ಬ್ರಿಟಿಷ್ ರೆಸಿಡೆಂಟರ ನಿವಾಸವಿತ್ತು. ಅದೇ ಇಲವಾಲದಲ್ಲಿ 1957ರ ಸೆಪ್ಟೆಂಬರ್‌ನಲ್ಲಿ ವಿನೋಬಾ ಭಾವೆಯವರ ಗ್ರಾಮದಾನ ಚಳವಳಿಯ ಸಮ್ಮೇಳನ ನಡೆಯಿತು. ಪ್ರಧಾನಿ ನೆಹರೂ ಸಹ ಭಾಗವಹಿಸಿದ್ದರು.

ಆಡಳಿತ

ಜನಸಂಖ್ಯೆ ಕನಿಷ್ಠ 5,000, ಚದರ ಕಿ.ಮೀ.ಗೆ ಕನಿಷ್ಠ 400 ಜನರ ಸಾಂದ್ರತೆ, ದುಡಿಯುವ ಪುರುಷರಲ್ಲಿ ಶೇ. 75ರಷ್ಟು ಮಂದಿ ಕೃಷಿಯೇತರ ಕಸುಬಿನಲ್ಲಿರುವುದು, ಈ ಮೂರೂ ಇದ್ದ ಊರನ್ನು ಜನಗಣತಿಯು 'ಗಣತಿ ಪಟ್ಟಣ'ವೆಂದು ಪರಿಗಣಿಸುತ್ತದೆ. 2011ರ ಗಣತಿಯಲ್ಲಿ ಹೂಟಗಳ್ಳಿಗೆ ಈ ಸ್ಥಾನವಿತ್ತು. ಇದು ಲೆಕ್ಕದ ಪಟ್ಟಣವೇ ಹೊರತು ಆಡಳಿತದ ಪಟ್ಟಣವಲ್ಲ. ಎಣಿಕೆಯಲ್ಲಿ ಪೇಟೆಯಾಗಿದ್ದರೂ ಬೀದಿದೀಪ, ಚರಂಡಿ, ಕಸ ವಿಲೇವಾರಿಯ ಹೊಣೆ ಗ್ರಾಮ ಪಂಚಾಯಿತಿಯ ಮೇಲೆಯೇ ಇತ್ತು. ಹಳ್ಳಿಯ ಅಗತ್ಯಕ್ಕೆಂದು ರೂಪಿಸಿದ ಸಂಸ್ಥೆಗೆ ಬಡಾವಣೆಗಳ ಒಳಚರಂಡಿ, ಕುಡಿಯುವ ನೀರಿನಂಥ ಕೆಲಸಗಳು ಹೊರೆಯಾದದ್ದು ಸಹಜ.

2020ರಲ್ಲಿ ಹೂಟಗಳ್ಳಿ, ಹಿನಕಲ್, ಕೂರ್ಗಳ್ಳಿ, ಬೆಳವಾಡಿ ಗ್ರಾಮ ಪಂಚಾಯಿತಿಗಳನ್ನು ಒಗ್ಗೂಡಿಸಿ ಹೂಟಗಳ್ಳಿ ನಗರಸಭೆಯನ್ನು ರಚಿಸಲಾಯಿತು. ಅದೇ ಸಂದರ್ಭದಲ್ಲಿ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಆದರೆ ನಗರಸಭೆಯ ಮೊದಲ ವರ್ಷಗಳು ಚುನಾಯಿತ ಸದಸ್ಯರಿಲ್ಲದೆ, ಆಡಳಿತಾಧಿಕಾರಿಯ ಮೇಲ್ವಿಚಾರಣೆಯಲ್ಲೇ ಕಳೆದವು. ಪಂಚಾಯಿತಿ ಸದಸ್ಯರ ಮನೆಬಾಗಿಲಿಗೆ ಹೋಗಿ ನಲ್ಲಿ ನೀರಿನ ದೂರು ಹೇಳಬಹುದಾಗಿದ್ದ ನಿವಾಸಿಗೆ, ನಗರಸಭೆ ಬಂದ ಮೇಲೆ ವಾರ್ಡಿನ ಪ್ರತಿನಿಧಿಯೇ ಇಲ್ಲದಂತಾಯಿತು. ಸ್ಥಾನಮಾನ ಏರಿದರೂ ದನಿ ಕುಗ್ಗಿದ ಸ್ಥಿತಿ ಇದು.

ಕೃಷ್ಣರಾಜಸಾಗರದ ಹಿನ್ನೀರಿನಿಂದ ನೀರು ತರುವ ಹಳೇ ಉಂಡುವಾಡಿ ಯೋಜನೆಯನ್ನು ಮೈಸೂರಿನ ಹೊರವಲಯದ ಬಡಾವಣೆಗಳನ್ನೂ ಗಮನದಲ್ಲಿಟ್ಟು ರೂಪಿಸಲಾಗಿದೆ. ಹೂಟಗಳ್ಳಿ ನಗರಸಭೆ ಹಾಗೂ ನಾಲ್ಕು ಪಟ್ಟಣ ಪಂಚಾಯಿತಿಗಳನ್ನು ಮಹಾನಗರ ಪಾಲಿಕೆಯೊಡನೆ ಸೇರಿಸಿ 'ಬೃಹತ್ ಮೈಸೂರು' ರಚಿಸುವ ಪ್ರಸ್ತಾವವೂ ನಂತರದ ವರ್ಷಗಳಲ್ಲಿ ಮುನ್ನೆಲೆಗೆ ಬಂದಿತು. ಪಂಚಾಯಿತಿ, ನಗರಸಭೆ, ಪಾಲಿಕೆ, ಫಲಕದ ಮೇಲಿನ ಹೆಸರು ಯಾವುದೇ ಇರಲಿ, ನೀರು ಹಾಗೂ ಒಳಚರಂಡಿಯ ಜೊತೆಗೆ ಪ್ರಶ್ನೆ ಕೇಳಲು ತಮ್ಮವರೇ ಆದ ಒಬ್ಬ ಪ್ರತಿನಿಧಿಯೂ ಇಲ್ಲಿನ ಜನರಿಗೆ ಬೇಕು.